ಎಡ ರೆಕ್ಕೆ, ಮೂರನೇ ಸಾಲು

ಮೊರಾವಾ ಹೊಳೆಯ ಪಕ್ಕ, ಹುಲ್ಲು ಕೊಯ್ದ ಬಯಲು.
ಬಸ್ಸಿನ ಸೀಟಿಗೆ ಟವೆಲು ಎಸೆದವರ ಹಾಗೆ
ಎಂಟಕ್ಕೇ ಬಂದು ಬೇಲಿ ಹಿಡಿದಿದ್ದೇವೆ,
ಏಣಿ ಊರಿ, ಚೀಲ ಇಟ್ಟು.
ಪಕ್ಕದಲ್ಲಿ ಬೊಹುಮೀರ್, ಮೂವತ್ತು ವರ್ಷ ರೈಲು ಓಡಿಸಿದವ,
ಮೀಸೆಯಲ್ಲಿ ಬನ್ನಿನ ಗಸಗಸೆ.
ಬಿಸಿಲು ಬೆನ್ನಿಗಿರಬೇಕು,
ಮುಂದೆ ಎತ್ತರದವರು ಇರಬಾರದು:
ಇಷ್ಟು ಕೂಡಿಬಂದರೆ ನಮಗೆ ಸುಮುಹೂರ್ತ.

ಮೊದಲು ಮಿಗ್ ಬಂತು.
ಬಂತು ಅನ್ನುವಷ್ಟರಲ್ಲಿ ಹೋಗಿತ್ತು;
ಸದ್ದು ಹಿಂದಿನಿಂದ ಬಂದು ಪಕ್ಕೆಲುಬು ಎಣಿಸಿತು.
ಬೇಲಿಯುದ್ದಕ್ಕೂ ಕ್ಯಾಮೆರಾಗಳು
ಕಾದ ಬಾಣಲೆಯ ಸಾಸಿವೆ.
ನಾನೂ ಒತ್ತಿದೆ, ಸೆಕೆಂಡನ್ನು ಸಾವಿರ ಚೂರು ಮಾಡಿ.
ಬಂದದ್ದು ಮಾತ್ರ ಇದಕ್ಕಲ್ಲ.

ಓಟ್ರೊಕೊವಿತ್ಸೆಯ ಕಾರ್ಖಾನೆಯಲ್ಲಿ ಅಮ್ಮನದು
ರೆಕ್ಕೆಯೊಳಗೆ ಕೈ ತೂರಿಸುವ ಕೆಲಸ.
ಹೊರಗೆ ಒಬ್ಬ ರಿವೆಟ್ಟು ಬಡಿಯುವಾಗ
ಒಳಗಿಂದ ಉಕ್ಕಿನ ತುಂಡು ಒತ್ತಿ ಹಿಡಿಯಬೇಕು.
ಸಣ್ಣ ಕೈಯವರೇ ಬೇಕು.
ಎಡಗಿವಿಯನ್ನು ಅಲ್ಲೇ ಬಿಟ್ಟುಬಂದಳು.

ಐವತ್ತಾರರ ಚಳಿಗಾಲ. ಹೊಟ್ಟೆಯೊಳಗೆ ನಾನು ಒದ್ದೆನಂತೆ,
ಅವಳ ಕೈ ಜಾರಿತಂತೆ,
ಎಡ ರೆಕ್ಕೆ, ಬುಡದಿಂದ ಮೂರನೇ ಸಾಲು,
ಒಂದು ರಿವೆಟ್ಟು ಸೊಟ್ಟಗೆ ಕೂತಿತಂತೆ.
ಇನ್‌ಸ್ಪೆಕ್ಟರು ಹೆಬ್ಬೆರಳು ಆಡಿಸಿ ನೋಡಿ,
ಆಮೇಲೆ ಅವಳ ಹೊಟ್ಟೆ ನೋಡಿ,
ಏನೂ ಅನ್ನದೆ ಸೀಲು ಒತ್ತಿದನಂತೆ.
ಯಾವ ವಿಮಾನ ಅಮ್ಮ? ಯಾವ ನಂಬರು?
"ಬೆಳ್ಳಿ ಬೆಳ್ಳಿ ಇತ್ತು" ಅಂದಳು.
ಬಣ್ಣ ಬಳಿಯುವ ಮೊದಲು ಎಲ್ಲವೂ ಬೆಳ್ಳಿಯೇ.

ಅವಳನ್ನು ಮಣ್ಣು ಮಾಡಿ ಹನ್ನೊಂದು ವರ್ಷ.
ಅಂದಿನಿಂದ ಎಲ್ಲಿ ಹಳೇ ಟ್ರೆನೆರ್ ಹಾರಿದರೂ
ಅಲ್ಲಿನ ಬೇಲಿಗೆ ನಾನು.
ವಿಮಾನದ ಹುಚ್ಚು ಅನ್ನುತ್ತಾನೆ ಗಂಡ. ಅನ್ನಲಿ.

ಮೈಕಿನವನು ಸಾಸೇಜಿನ ಅಂಗಡಿ ಎಲ್ಲಿದೆ ಅಂತ ಹೇಳುತ್ತಿದ್ದ,
ಪೀಚ್ ಮರಗಳ ಹಿಂದಿನಿಂದ
ಹೊಲಿಗೆ ಯಂತ್ರದ ಸದ್ದು.
ಹಳದಿ ಮೈ, ಕೆಂಪು ಮೂಗು.
ಒತ್ತಿದೆ, ಒತ್ತಿದೆ, ಒತ್ತಿದೆ.
ಬೊಹುಮೀರ್ ನನ್ನ ಪರದೆಗೆ ಬಗ್ಗಿ ನಕ್ಕ:
"ಕರೆಂಟು ಹೋದ ಫ್ಯಾನಿನ ಹಾಗಿದೆಯಲ್ಲೇ!
ಅದರ ಉಸಿರು ನಿಲ್ಲಿಸಿಬಿಟ್ಟೆ. ಅರವತ್ತಕ್ಕೆ ಇಳಿಸು.
ಕೈಯಿಂದ ಅಲ್ಲ, ಸೊಂಟದಿಂದ ತಿರುಗು,
ಹುಲ್ಲು ಕೊಯ್ಯುವವಳ ಹಾಗೆ. ನೂರಕ್ಕೆ ತೊಂಬತ್ತು ಹಾಳು.
ಹಾಳಾಗಲಿ."

ಎರಡನೇ ಸುತ್ತಿಗೆ ಅದು ಓರೆಯಾಗಿ ಬಂತು,
ಎಡ ರೆಕ್ಕೆ ನೆಲಕ್ಕೆ ಚಾಚಿ.
ಅದು ಎಷ್ಟೋ ಅಷ್ಟೇ ನಾನು ತಿರುಗಿದೆ:
ಮರಗಳು ಕದಡಿದವು, ಮೋಡ ಗೀರಾಯಿತು,
ಬೇಲಿಯ ಜನ ಹಸಿ ಬಣ್ಣವಾಗಿ ಹರಿದರು,
ಲೆನ್ಸಿನ ನಡುವೆ ಅದೊಂದೇ ನಿಂತಿತ್ತು.
ಅಷ್ಟು ಹೊತ್ತು ನಾನು ಯಾರ ಮಗಳೂ ಅಲ್ಲ.

ರಾತ್ರಿ ಅಡುಗೆಮನೆಯಲ್ಲಿ, ಆರಿದ ಸೂಪಿನ ಪಕ್ಕ,
ತೊಂಬತ್ತಲ್ಲ, ತೊಂಬತ್ತೇಳು ಅಳಿಸಿದೆ.
ಉಳಿದದ್ದರಲ್ಲಿ ಒಂದು ಅಪ್ಪಟ:
ಪ್ರೊಪೆಲ್ಲರು ಬೆಳಕಿನ ತಟ್ಟೆ, ರೆಕ್ಕೆಯ ತುದಿಯಲ್ಲಿ ಸೂರ್ಯ,
ಪೈಲಟ್ಟಿನ ಕೆನ್ನೆಯ ಬೆವರು ಸಹ ಇದೆ.
ಹಿಗ್ಗಿಸಿದರೆ ರಿವೆಟ್ಟುಗಳು ಒಂದರೊಳಗೊಂದು ಕರಗಿ
ಬರೀ ಗೆರೆ.

ಆಮೇಲೆ ಆ ಮೊದಲ ಸುತ್ತಿನದು, ಸತ್ತದ್ದು.
ರೆಕ್ಕೆಯ ಅಡಿ ಒಂದೊಂದೂ ಎಣಿಸಬಹುದು,
ಸ್ವೆಟರಿನ ಹೊಲಿಗೆಯಂತೆ.
ಮೊದಲ ಸಾಲು. ಎರಡು.
ಮೂರನೆಯದರಲ್ಲಿ, ಬುಡದ ಹತ್ತಿರ,
ಏನೋ ಒಂದು ಪಕ್ಕಕ್ಕೆ ವಾಲಿದೆ.
ನೆರಳಿರಬಹುದು. ಎಣ್ಣೆಯ ಹನಿ.
ಪರದೆಯ ಮೇಲಿನ ಧೂಳೂ ಇರಬಹುದು.

ಚೆನ್ನಾಗಿ ಬಂದದ್ದನ್ನು ಬೊಹುಮೀರನಿಗೆ ಕಳಿಸಿದೆ,
ಶಾಭಾಸ್ ಅಂತ ಕೂಡಲೇ ಬರೆದ.
ಈ ನಿಂತ ಫ್ಯಾನನ್ನು ಇಟ್ಟುಕೊಂಡಿದ್ದೇನೆ.
ಹೆಬ್ಬೆರಳಿನಿಂದ ಒರೆಸಿ ನೋಡಿದೆ.
ಹೋಗಲಿಲ್ಲ.